ಉತ್ತರ ಕೊಡಬೇಕಾದವರ ಮುಂದೆ

(ದತ್ತಿ ಉಪನ್ಯಾಸದ ಬರಹರೂಪ)



ಲೋಕದಲ್ಲಿ ಕಾರಣವಿಲ್ಲದೆ ನಡೆದ ಕ್ರೌರ್ಯ ಬಹಳ ಕಡಿಮೆ. ಕೇರಿಗೆ ಬೆಂಕಿ ಇಟ್ಟವರಿಗೆ ಕಾರಣವಿತ್ತು. ಠಾಣೆಯ ಹಿಂದಿನ ಕೋಣೆಯಲ್ಲಿ ಲಾಠಿ ಎತ್ತಿದವನಿಗೆ ಕಾರಣವಿದೆ. ಮಗಳನ್ನು ಕೊಂದು ಮನೆತನದ ಮಾನ ಉಳಿಸಿದೆ ಎನ್ನುವ ತಂದೆಯ ಬಳಿ ಒಂದಲ್ಲ, ಹತ್ತು ಕಾರಣಗಳಿವೆ. ಹಾಗಿರುವಾಗ, ‘ಇದಕ್ಕೆ ಸಮರ್ಥನೆಯೇ ಇಲ್ಲ’ ಎಂದು ನಾವು ಹೇಳುವುದರ ಅರ್ಥವೇನು? ಮಾಡಿದವನಿಗೆ ಕಾರಣವಿರಲಿಲ್ಲ ಎಂದಂತೂ ಅಲ್ಲ. ಕಾರಣ ಇತ್ತು, ಎಷ್ಟೋ ಸಲ ಕೇಳಿದವರು ತಲೆದೂಗುವಂಥ ಕಾರಣವೇ ಇತ್ತು. ಆದರೂ ಅದು ಸಾಲದು ಎಂದು ಮನಸ್ಸು ಪಟ್ಟು ಹಿಡಿಯುತ್ತದೆ. ಏಕೆ ಸಾಲದು, ಯಾರಿಗೆ ಸಾಲದು? ಇವತ್ತು ನಾನು ಹಿಡಿದುಕೊಂಡು ಬಂದಿರುವುದು ಈ ಪ್ರಶ್ನೆಯನ್ನು ಮಾತ್ರ.

ಇಂಥ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸಿದರೆ ಮಾತು ಬೇಗ ನುಣುಪಾಗಿಬಿಡುತ್ತದೆ. ಆದ್ದರಿಂದ ಒಂದು ಹಳೆಯ ಮೊಕದ್ದಮೆಯನ್ನು ನಿಮ್ಮ ಮುಂದೆ ಸ್ವಲ್ಪ ವಿವರವಾಗಿಯೇ ಇಡುತ್ತೇನೆ. ನಮ್ಮ ಕಾನೂನು ಕಾಲೇಜುಗಳಲ್ಲಿ ಓದಿದವರಿಗೆ ಇದು ಪರಿಚಿತ. ಆದರೆ ಪರೀಕ್ಷೆಗೆ ಓದಿದ್ದನ್ನು ನಾವು ಸಾಮಾನ್ಯವಾಗಿ ಮನಸ್ಸಿಗೆ ಹಚ್ಚಿಕೊಂಡಿರುವುದಿಲ್ಲ.

1884ರ ಮೇ ತಿಂಗಳಲ್ಲಿ ‘ಮಿನ್ಯೊನೆಟ್’ ಎಂಬ ಸಣ್ಣ ವಿಹಾರನೌಕೆ ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್‌ನಿಂದ ಸಿಡ್ನಿಗೆ ಹೊರಟಿತು. ಆಸ್ಟ್ರೇಲಿಯದ ವಕೀಲನೊಬ್ಬ ಅದನ್ನು ಕೊಂಡಿದ್ದ. ತಲುಪಿಸುವ ಕೆಲಸಕ್ಕೆ ನಾಲ್ವರು. ನಾಯಕ ಟಾಮ್ ಡಡ್ಲಿ, ಅವನ ಸಹಾಯಕ ಎಡ್ವಿನ್ ಸ್ಟೀಫನ್ಸ್, ನಾವಿಕ ಎಡ್ಮಂಡ್ ಬ್ರೂಕ್ಸ್ ಮತ್ತು ಹದಿನೇಳು ವರ್ಷದ ಹುಡುಗ ರಿಚರ್ಡ್ ಪಾರ್ಕರ್. ಹುಡುಗ ಅನಾಥ. ಜುಲೈ 5ರಂದು ಗುಡ್ ಹೋಪ್ ಭೂಶಿರದಿಂದ ಸುಮಾರು 1,600 ಮೈಲಿ ದೂರದಲ್ಲಿ ಬಿರುಗಾಳಿಗೆ ಸಿಕ್ಕಿ ನೌಕೆ ಮುಳುಗಿತು. ನಾಲ್ವರೂ ತೆರೆದ ಪುಟ್ಟ ದೋಣಿಗೆ ಹಾರಿಕೊಂಡರು. ಕುಡಿಯುವ ನೀರು ಒಂದು ಹನಿ ಇಲ್ಲ. ತಿನ್ನಲು ಎರಡು ಡಬ್ಬಿ ಟರ್ನಿಪ್ ಗೆಡ್ಡೆ. ನಾಲ್ಕನೆಯ ದಿನ ಒಂದು ಆಮೆ ಸಿಕ್ಕಿತು. ಅದನ್ನೇ ದಿನಗಟ್ಟಲೆ ತಿಂದರು. ಆಗೊಮ್ಮೆ ಈಗೊಮ್ಮೆ ಬಿದ್ದ ಮಳೆಯನ್ನು ಮೇಲಂಗಿಯಲ್ಲಿ ಹಿಡಿದು ಕುಡಿದರು. ಹನ್ನೆರಡನೆಯ ದಿನದ ಹೊತ್ತಿಗೆ ಆಮೆಯೂ ಮುಗಿಯಿತು.

ಹದಿನೆಂಟನೆಯ ದಿನ ಬಂದಾಗ ಅವರು ಏಳು ದಿನ ಅನ್ನವಿಲ್ಲದೆ, ಐದು ದಿನ ನೀರಿಲ್ಲದೆ ಇದ್ದರು. ಯಾರಾದರೂ ಒಬ್ಬರು ಸತ್ತರೆ ಉಳಿದವರು ಬದುಕಬಹುದು ಎಂಬ ಮಾತು ಎದ್ದದ್ದು ಆಗ. ಚೀಟಿ ಎತ್ತೋಣ ಎಂದು ಡಡ್ಲಿ ಹೇಳಿದ, ಬ್ರೂಕ್ಸ್ ಒಪ್ಪಲಿಲ್ಲ. ಹುಡುಗ ಅಷ್ಟರಲ್ಲಿ ಸಮುದ್ರದ ನೀರು ಕುಡಿದು ದೋಣಿಯ ತಳದಲ್ಲಿ ಬಿದ್ದಿದ್ದ. ಸ್ಟೀಫನ್ಸ್ ಮತ್ತು ಡಡ್ಲಿ ತಮ್ಮ ಹೆಂಡತಿ ಮಕ್ಕಳ ಬಗ್ಗೆ ಮಾತಾಡಿಕೊಂಡರು. ಹುಡುಗನಿಗೆ ಅವನನ್ನು ನೆಚ್ಚಿಕೊಂಡವರು ಯಾರೂ ಇರಲಿಲ್ಲ. ಇಪ್ಪತ್ತನೆಯ ದಿನ ಡಡ್ಲಿ ಪ್ರಾರ್ಥನೆ ಮಾಡಿದ, ಹುಡುಗನ ಬಳಿ ಹೋಗಿ ನಿನ್ನ ಹೊತ್ತು ಬಂತು ಎಂದ, ಸಣ್ಣ ಚಾಕುವಿನಿಂದ ಅವನ ಕತ್ತಿನ ನರ ಕತ್ತರಿಸಿದ. ಮೂವರೂ ಆ ದೇಹದಿಂದ ಜೀವ ಹಿಡಿದುಕೊಂಡರು. ಕೊಲ್ಲಲು ಒಪ್ಪದ ಬ್ರೂಕ್ಸ್ ಕೂಡ ತಿಂದ. ನಾಲ್ಕನೆಯ ದಿನ ಜರ್ಮನ್ ಹಡಗೊಂದು ಅವರನ್ನು ಕಂಡು ಮೇಲೆತ್ತಿತು.

ಸೆಪ್ಟೆಂಬರಿನಲ್ಲಿ ಫಾಲ್‌ಮತ್ ಬಂದರಿಗೆ ಇಳಿದಾಗ ಡಡ್ಲಿ ಏನನ್ನೂ ಮುಚ್ಚಿಡಲಿಲ್ಲ. ನಡೆದದ್ದೆಲ್ಲವನ್ನೂ ಅಧಿಕಾರಿಗಳ ಮುಂದೆ ತಾನಾಗಿ ಹೇಳಿದ. ಕಡಲಿನಲ್ಲಿ ಇಂಥದ್ದು ನಡೆಯುತ್ತದೆ, ನಡೆದದ್ದನ್ನು ಹೇಳಿದರೆ ಮುಗಿಯಿತು ಎಂದು ಅವನು ನಿಜವಾಗಿಯೂ ನಂಬಿದ್ದ. ಊರಿನ ಜನ ಅವನ ಪರ ನಿಂತರು. ಸತ್ತ ಹುಡುಗನ ಅಣ್ಣ, ಅವನೂ ನಾವಿಕನೇ, ನ್ಯಾಯಾಲಯದಲ್ಲಿ ಎಲ್ಲರ ಎದುರು ಡಡ್ಲಿಯ ಕೈಕುಲುಕಿದ. ಯಾನ್ ಮಾರ್ಟೆಲ್‌ನ ‘ಲೈಫ್ ಆಫ್ ಪೈ’ ಓದಿದವರಿಗೆ, ಸಿನಿಮಾ ನೋಡಿದವರಿಗೆ ರಿಚರ್ಡ್ ಪಾರ್ಕರ್ ಎಂಬುದು ಹುಲಿಯ ಹೆಸರು. ಆ ಹುಲಿಯ ಹಿಂದೆ ಇವನಿದ್ದಾನೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ಎಕ್ಸೆಟರ್‌ನಲ್ಲಿ ವಿಚಾರಣೆ ನಡೆದಾಗ ಜ್ಯೂರಿ ತಪ್ಪು ಸರಿ ಎನ್ನುವ ಗೋಜಿಗೆ ಹೋಗದೆ ಸಂಗತಿಗಳನ್ನು ಮಾತ್ರ ದಾಖಲಿಸಿತು. ತೀರ್ಮಾನ ಲಂಡನ್ನಿನ ನ್ಯಾಯಾಧೀಶರಿಗೆ ಹೋಯಿತು. ಆ ದಾಖಲೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ, ಏಕೆಂದರೆ ಅದು ಆರೋಪಿಗಳ ಪರವಾದ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. ಹುಡುಗನನ್ನು ತಿನ್ನದಿದ್ದರೆ ಅವರು ಬಹುಶಃ ಉಳಿಯುತ್ತಿರಲಿಲ್ಲ. ಅಷ್ಟು ನಿತ್ರಾಣನಾಗಿದ್ದ ಹುಡುಗ ಬಹುಶಃ ಅವರಿಗಿಂತ ಮೊದಲೇ ಸಾಯುತ್ತಿದ್ದ. ಕಣ್ಣಿಗೆ ಕಾಣುವಷ್ಟು ದೂರ ಯಾವ ಹಡಗೂ ಇರಲಿಲ್ಲ. ಇಷ್ಟನ್ನೂ ಒಪ್ಪಿ, ನಡುವೆ ಎರಡು ಸಂಗತಿಗಳನ್ನು ಸೇರಿಸುತ್ತದೆ. ಒಂದು: ಯಾರನ್ನಾದರೂ ಕೊಲ್ಲಲೇಬೇಕಿತ್ತು ಎಂದಿಟ್ಟುಕೊಂಡರೂ, ಉಳಿದ ಮೂವರಿಗಿಂತ ಹೆಚ್ಚಾಗಿ ಆ ಹುಡುಗನನ್ನೇ ಕೊಲ್ಲುವ ಅಗತ್ಯ ಇರಲಿಲ್ಲ. ಇನ್ನೊಂದು: ಚೀಟಿಯ ಮಾತು ಬಂದಾಗ ಆ ವಿಷಯವನ್ನು ಹುಡುಗನ ಮುಂದೆ ಇಡಲಿಲ್ಲ.

ನನಗೆ ಇಡೀ ಮೊಕದ್ದಮೆಯ ಜೀವ ಇರುವುದು ಈ ಕೊನೆಯ ಸಂಗತಿಯಲ್ಲಿ. ಮೂವರು ದೊಡ್ಡವರು ದೋಣಿಯ ಒಂದು ತುದಿಯಲ್ಲಿ ಕೂತು, ಬದುಕುವ ಲೆಕ್ಕವನ್ನು ತಮ್ಮತಮ್ಮೊಳಗೆ ಮಾತಾಡಿದರು. ಡಡ್ಲಿ ಆಮೇಲೆ ದೇವರಿಗೆ ನಿವೇದಿಸಿಕೊಂಡ, ಬಂದರಿನ ಅಧಿಕಾರಿಗೆ ಹೇಳಿದ, ಪತ್ರಿಕೆಗಳಿಗೆ ಹೇಳಿದ, ಲೋಕಕ್ಕೆಲ್ಲ ಹೇಳಿದ. ಕೆಲವೇ ಅಡಿ ದೂರದಲ್ಲಿ ಮಲಗಿದ್ದ ಪಾರ್ಕರ್‌ಗೆ ಮಾತ್ರ ಕಾರಣ ಹೇಳಲಿಲ್ಲ. ಏನೆಂದು ಹೇಳಬಹುದಿತ್ತು? ‘ನೀನು ಸೊರಗಿದ್ದೀಯ, ನಿನಗೆ ಹೆಂಡತಿ ಮಕ್ಕಳಿಲ್ಲ, ಅದಕ್ಕೇ ನೀನು’ ಎಂದೆ? ಆ ಕಾರಣಗಳು ಸ್ಟೀಫನ್ಸ್‌ನ ಕಿವಿಗೆ ಕಾರಣಗಳಾಗಿದ್ದವು. ಹುಡುಗನ ಕಿವಿಗೆ ಬಿದ್ದ ಕೂಡಲೇ ಅವು ಕಾರಣದ ರೂಪ ಕಳೆದುಕೊಳ್ಳುತ್ತಿದ್ದವು.

ನಾನು ಹೇಳಬೇಕೆಂದಿರುವುದು ಇದು. ಸಮರ್ಥನೆ ಎಂದರೆ ಕಾರಣಗಳ ತೂಕ ಎಂದು ನಾವು ಭಾವಿಸಿದ್ದೇವೆ. ಎಷ್ಟು ಜೀವ ಉಳಿಯಿತು, ಎಷ್ಟು ಹೋಯಿತು ಎಂಬ ತಕ್ಕಡಿ. ಆದರೆ ಸಮರ್ಥನೆ ಮೊದಲು ಒಂದು ಸಂಬಂಧ. ನಾನು ಯಾರಿಗೆ ನೋವು ಮಾಡುತ್ತಿದ್ದೇನೋ ಅವರಿಗೆ ನಾನು ಉತ್ತರ ಕೊಡಬೇಕಾದವನು. ಊರಿಗೆ, ಇತಿಹಾಸಕ್ಕೆ, ಮೇಲಧಿಕಾರಿಗೆ ಎಷ್ಟು ಚೆನ್ನಾಗಿ ವಿವರಿಸಿದರೂ, ನೋವು ಉಂಡವರ ಮುಂದೆ ಇಡಲಾಗದ ಕಾರಣ ಸಮರ್ಥನೆ ಆಗಲಾರದು. ಸಮರ್ಥಿಸಲಾಗದ ಕೃತ್ಯ ಎಂದರೆ, ಅದರ ಕಾರಣಗಳೆಲ್ಲವೂ ಬೇರೆಯವರನ್ನು ಉದ್ದೇಶಿಸಿಯೇ ಹೇಳಿದವು ಆಗಿರುವ ಕೃತ್ಯ.

ಕೂಡಲೇ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕಳ್ಳನನ್ನು ಜೈಲಿಗೆ ಹಾಕುತ್ತೇವೆ, ಅವನು ಒಪ್ಪುತ್ತಾನೆಯೆ? ನೋವು ಉಂಡವನು ಒಪ್ಪಿದರೆ ಮಾತ್ರ ಸಮರ್ಥನೆ ಎಂದರೆ ಯಾವ ಸರ್ಕಾರವೂ, ಯಾವ ಮನೆಯೂ ನಡೆಯಲಾರದು. ನಿಜ. ಆದರೆ ನಾನು ಒಪ್ಪಿಗೆಯ ಮಾತು ಆಡುತ್ತಿಲ್ಲ. ಕಳ್ಳ ಒಪ್ಪದೆ ಇರಬಹುದು, ಆದರೆ ಅವನ ಮುಖ ನೋಡಿ ‘ನೀನು ಕದ್ದೆ, ನಿನ್ನ ಮನೆಯಲ್ಲಿ ಇನ್ನೊಬ್ಬ ಕದ್ದಿದ್ದರೂ ಇದನ್ನೇ ಮಾಡುತ್ತಿದ್ದೆವು’ ಎಂದು ಹೇಳಬಹುದು. ಆ ಮಾತಿನಲ್ಲಿ ಅವನಿಗೂ ಜಾಗವಿದೆ. ಆ ಕಾನೂನು ಅವನನ್ನೂ ಕಾಯುತ್ತದೆ. ಪಾರ್ಕರ್‌ಗೆ ಹೇಳಬಹುದಾಗಿದ್ದ ಮಾತಿನಲ್ಲಿ ಪಾರ್ಕರ್‌ಗೇ ಜಾಗ ಇರಲಿಲ್ಲ. ಚೀಟಿ ಎತ್ತಿದ್ದರೆ? ನಾಲ್ವರ ಹೆಸರೂ ಇರುವ ಚೀಟಿ, ನಾಲ್ವರ ಕಣ್ಣೆದುರು? ಆಗಲೂ ಅದು ಘೋರವೇ. ನಾನು ಸರಿ ಎನ್ನಲಾರೆ. ಆದರೆ ಕನಿಷ್ಠ ಹುಡುಗನಿಗೆ ಹೇಳಬಹುದಾದ ಒಂದು ವಾಕ್ಯ ಅಲ್ಲಿ ಇರುತ್ತಿತ್ತು. ಆ ವ್ಯತ್ಯಾಸ ಸಣ್ಣದಲ್ಲ.

ಡಿಸೆಂಬರ್ 1884ರಲ್ಲಿ ಲಾರ್ಡ್ ಕೋಲ್‌ರಿಜ್ ತೀರ್ಪು ಕೊಟ್ಟರು: ಇದು ಕೊಲೆ. ಯಾರ ಜೀವ ಹೆಚ್ಚು ಬೆಲೆಯದು ಎಂದು ಅಳೆಯುವವರು ಯಾರು ಎಂಬುದು ಅವರ ಮುಖ್ಯ ಪ್ರಶ್ನೆ. ಅಳೆದವರೇ ಲಾಭ ಪಡೆದವರಾಗಿದ್ದರು. ದಂಡ ತೆತ್ತವನು ಅತ್ಯಂತ ದುರ್ಬಲ. ಅದೇ ತೀರ್ಪಿನಲ್ಲಿ ಅವರು, ನಾವೇ ತಲುಪಲಾಗದ ಮಟ್ಟವನ್ನು ಎಷ್ಟೋ ಸಲ ಕಾನೂನಾಗಿ ನಿಲ್ಲಿಸಬೇಕಾಗುತ್ತದೆ ಎಂಬರ್ಥದ ಮಾತನ್ನೂ ಹೇಳಿದರು. ಮರಣದಂಡನೆ ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ಅದು ಆರು ತಿಂಗಳ ಸೆರೆಗೆ ಇಳಿಯಿತು.

ಇದನ್ನು ಎಷ್ಟೋ ಜನ ವಿರೋಧಾಭಾಸ ಎನ್ನುತ್ತಾರೆ. ಕೊಲೆ ಎಂದ ಮೇಲೆ ಆರು ತಿಂಗಳೇ? ನನಗೆ ಹಾಗೆ ಕಾಣುವುದಿಲ್ಲ. ಸಮರ್ಥಿಸುವುದು ಬೇರೆ, ಕ್ಷಮಿಸುವುದು ಬೇರೆ, ಅರ್ಥಮಾಡಿಕೊಳ್ಳುವುದು ಮತ್ತೂ ಬೇರೆ. ಇಪ್ಪತ್ತು ದಿನ ಕಡಲಲ್ಲಿ ಒಣಗಿದವನ ಬಗ್ಗೆ ಮರುಕ ಬರದಿದ್ದರೆ ನಾವು ಮನುಷ್ಯರಲ್ಲ. ಆದರೆ ಆ ಮರುಕವನ್ನು ‘ನೀನು ಮಾಡಿದ್ದು ಸರಿ’ ಎಂಬ ಸರ್ಟಿಫಿಕೇಟಾಗಿ ಬದಲಿಸಿದರೆ ಹುಡುಗನನ್ನು ಎರಡನೆಯ ಸಲ ದೋಣಿಯಿಂದ ಹೊರಗೆ ಹಾಕಿದಂತೆ. ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಈ ಮೂರನ್ನು ಕಲಸಿಬಿಡುವ ಚಾಳಿ ವಿಪರೀತವಾಗಿದೆ. ಅಪರಾಧಿಯ ಬಾಲ್ಯದ ಕಷ್ಟ ಹೇಳಿದರೆ ಅವನನ್ನು ಸಮರ್ಥಿಸಿದಿರಿ ಎನ್ನುತ್ತಾರೆ; ಅವನ ಕೃತ್ಯಕ್ಕೆ ಸಮರ್ಥನೆಯಿಲ್ಲ ಎಂದರೆ ನಿಮಗೆ ಕರುಣೆಯಿಲ್ಲ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಸಾಧ್ಯ, ಮತ್ತು ಅಗತ್ಯ.

ನಮ್ಮ ಕಾನೂನಿನಲ್ಲೂ ಈ ಗೆರೆ ಇದೆ. 1860ರ ಭಾರತೀಯ ದಂಡ ಸಂಹಿತೆಯ 94ನೆಯ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 32ನೆಯ ಕಲಂ, ಹೀಗೆ ಹೇಳುತ್ತದೆ: ಈ ಕ್ಷಣವೇ ಕೊಲ್ಲುತ್ತೇವೆ ಎಂಬ ಬೆದರಿಕೆಗೆ ಸಿಕ್ಕಿ ಮಾಡಿದ್ದು ಅಪರಾಧವಲ್ಲ. ಆದರೆ ಕೊಲೆಗೆ ಮತ್ತು ರಾಜ್ಯದ ವಿರುದ್ಧದ ಮರಣದಂಡನೆಯ ಅಪರಾಧಗಳಿಗೆ ಈ ರಿಯಾಯಿತಿ ಇಲ್ಲ. ನಿಮ್ಮ ತಲೆಗೆ ಬಂದೂಕು ಇಟ್ಟು ಪಕ್ಕದಲ್ಲಿರುವ ನಿರಪರಾಧಿಯನ್ನು ಕೊಲ್ಲು ಎಂದರೂ, ನಿಮ್ಮ ಜೀವ ಅವನ ಜೀವಕ್ಕಿಂತ ದೊಡ್ಡದೆಂದು ಕಾನೂನು ಒಪ್ಪುವುದಿಲ್ಲ.

ನಮ್ಮ ಕಾವ್ಯಪರಂಪರೆ ಈ ಪ್ರಶ್ನೆಯನ್ನು ಎಷ್ಟೋ ಶತಮಾನಗಳ ಹಿಂದೆಯೇ ಎತ್ತಿಕೊಂಡಿತ್ತು. ವಾಲಿವಧೆಯನ್ನು ನೆನೆಯಿರಿ. ಇನ್ನೊಬ್ಬನೊಡನೆ ಸೆಣಸುತ್ತಿದ್ದ ವಾಲಿಗೆ ರಾಮನ ಬಾಣ ತಾಗುತ್ತದೆ. ರಾಮನ ಕಾರಣಗಳು ನಮಗೆ ಗೊತ್ತು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ, ಈ ಭೂಮಿ ಭರತನ ಆಳ್ವಿಕೆಗೆ ಸೇರಿದ್ದು, ಕ್ಷತ್ರಿಯನಿಗೆ ಮೃಗವನ್ನು ಮರೆಯಿಂದ ಬೇಟೆಯಾಡುವುದು ಸಲ್ಲುತ್ತದೆ. ಈ ಕಾರಣಗಳು ಗಟ್ಟಿಯೋ ಟೊಳ್ಳೋ ಎಂದು ನಮ್ಮ ಹರಟೆಕಟ್ಟೆಗಳಲ್ಲಿ, ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಇವತ್ತಿಗೂ ರಾತ್ರಿಯೆಲ್ಲ ವಾದ ನಡೆಯುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಕಾರಣಗಳಿಗಿಂತ ಆ ದೃಶ್ಯದ ವ್ಯವಸ್ಥೆ. ವಾಲ್ಮೀಕಿ ವಾಲಿಯನ್ನು ಕೂಡಲೇ ಸಾಯಿಸುವುದಿಲ್ಲ. ನೆಲಕ್ಕುರುಳಿದವನಿಗೆ ಮಾತಾಡುವಷ್ಟು ಉಸಿರು ಉಳಿಸುತ್ತಾನೆ. ಕೊಂದವನು ಹತ್ತಿರ ಬಂದು ನಿಲ್ಲಬೇಕು, ಸಾಯುತ್ತಿರುವವನು ಕೇಳಬೇಕು, ಅವನಿಗೇ ಉತ್ತರ ಕೊಡಬೇಕು. ಲಕ್ಷ್ಮಣನಿಗೋ ಸುಗ್ರೀವನಿಗೋ ವಿವರಿಸಿ ಮುಂದೆ ಹೋಗುವ ಅವಕಾಶವನ್ನು ಕವಿ ತನ್ನ ನಾಯಕನಿಗೆ ಕೊಡಲಿಲ್ಲ. ರಾಮನ ಉತ್ತರ ನಮಗೆ ಒಪ್ಪಿಗೆಯಾಗದಿರಬಹುದು, ಆದರೆ ಆ ಉತ್ತರ ಸರಿಯಾದ ವಿಳಾಸಕ್ಕೆ ತಲುಪಿದೆ. ಜೈನ ರಾಮಾಯಣ ಪರಂಪರೆ ಇನ್ನೊಂದು ದಾರಿ ಹಿಡಿಯಿತು: ಅಲ್ಲಿ ವಾಲಿ ರಾಜ್ಯ ತೊರೆದು ದೀಕ್ಷೆ ಪಡೆಯುತ್ತಾನೆ, ರಾಮನ ಕೈಯಿಂದ ಸಾಯುವುದಿಲ್ಲ. ಆ ಕೊಲೆಯನ್ನು ಹೇಗೆ ತಿರುಗಿಸಿ ಹೇಳಿದರೂ ಸಲ್ಲದು ಎಂದು ಆ ಕವಿಗಳಿಗೆ ಅನ್ನಿಸಿರಬೇಕು ಎಂಬುದು ನನ್ನ ಓದು.

ಇದರ ಪಕ್ಕದಲ್ಲಿ ಜಲಿಯನ್‌ವಾಲಾಬಾಗ್ ಇಟ್ಟು ನೋಡಿ. 1919ರ ಏಪ್ರಿಲ್ 13ರಂದು ಜನರಲ್ ಡಯರ್ ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಿದ. 1,650 ಸುತ್ತು, ಸುಮಾರು ಹತ್ತು ನಿಮಿಷ. ಸರ್ಕಾರಿ ಲೆಕ್ಕದಲ್ಲೇ 379 ಜನ ಸತ್ತರು. ಅದೇ ವರ್ಷ ನವೆಂಬರಿನಲ್ಲಿ ಲಾಹೋರಿನಲ್ಲಿ, ತನಿಖೆಗೆ ನೇಮಕವಾಗಿದ್ದ ಹಂಟರ್ ಸಮಿತಿಯ ಮುಂದೆ ಅವನು ತಡವರಿಸದೆ ಉತ್ತರ ಕೊಟ್ಟ. ಗುಂಪನ್ನು ಚದುರಿಸುವುದಷ್ಟೇ ಉದ್ದೇಶವಾಗಿರಲಿಲ್ಲ, ಪಂಜಾಬಿನಾದ್ಯಂತ ಒಂದು ಪರಿಣಾಮ ಆಗಬೇಕಿತ್ತು ಎಂದ. ಸಮಿತಿಯ ಸದಸ್ಯ ಚಿಮನ್‌ಲಾಲ್ ಸೆಟಲ್‌ವಾಡ್ ಕೇಳಿದಾಗ, ಓಣಿ ಅಗಲವಾಗಿದ್ದರೆ ಮೆಷಿನ್‌ಗನ್ ಇದ್ದ ವಾಹನಗಳನ್ನೂ ಒಳಗೆ ಒಯ್ಯುತ್ತಿದ್ದೆ ಎಂದೂ ಒಪ್ಪಿದ. ಗಾಯಾಳುಗಳನ್ನು ನೋಡಿಕೊಳ್ಳುವುದು ತನ್ನ ಕೆಲಸವಲ್ಲ ಎಂದ. ಕಾರಣಗಳ ಕೊರತೆ ಅವನಿಗೆ ಒಂದಿಷ್ಟೂ ಇರಲಿಲ್ಲ. ಆದರೆ ಅವನ ಒಂದು ಕಾರಣವೂ ಆ ತೋಟದಲ್ಲಿ ಇದ್ದವರ ಕಡೆಗೆ ತಿರುಗಿದ್ದಲ್ಲ. ಅವರು ಬೇರೆಯವರಿಗೆ ಕಳಿಸುವ ಸಂದೇಶವಾಗಿದ್ದರು. ಕಾಗದದ ಮೇಲೆ ಬರೆಯುವವನು ಕಾಗದಕ್ಕೆ ಉತ್ತರ ಕೊಡುವುದಿಲ್ಲವಲ್ಲ. 1920ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ಅವನ ಪರ ನಿಂತಿತು. ಲಾರ್ಡ್‌ಗಳಿಗೆ ಆ ಕಾರಣ ಸಾಕಾಯಿತು. ಅವರು ಗುಂಡಿನ ಈಚೆ ಬದಿಯಲ್ಲಿದ್ದರು.

ಈಗ ನಮ್ಮ ಕಾಲಕ್ಕೆ ಬರೋಣ. ಚಿತ್ರಹಿಂಸೆಯ ಬಗ್ಗೆ ವಾದ ಮಾಡುವವರು ಯಾವಾಗಲೂ ಒಂದು ಕತೆ ಹೇಳುತ್ತಾರೆ: ಎಲ್ಲೋ ಬಾಂಬು ಇದೆ, ಸಿಕ್ಕಿಬಿದ್ದವನಿಗೆ ಮಾತ್ರ ಗೊತ್ತು, ಸಾವಿರ ಜೀವ ಉಳಿಸಲು ಅವನ ಉಗುರು ಕೀಳಬಹುದೇ? ಈ ಕತೆಯಲ್ಲಿ ಪ್ರತಿಯೊಂದೂ ಖಚಿತ. ನಿಜವಾದ ಠಾಣೆಯಲ್ಲಿ ಯಾವುದೂ ಖಚಿತವಲ್ಲ. ಸಿಕ್ಕವನು ಅವನೇ ಎಂಬುದೂ ಅಲ್ಲ. 1984ರ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಯುದ್ಧವಾಗಲಿ, ತುರ್ತುಪರಿಸ್ಥಿತಿಯಾಗಲಿ, ಯಾವ ಅಸಾಧಾರಣ ಸಂದರ್ಭವೂ ಚಿತ್ರಹಿಂಸೆಗೆ ಸಮರ್ಥನೆಯಾಗದು ಎಂದು ಬರೆದಿಟ್ಟಿತು. ಭಾರತ 1997ರಲ್ಲಿ ಅದಕ್ಕೆ ಸಹಿ ಹಾಕಿತು, ಅನುಮೋದಿಸಲಿಲ್ಲ. ಈ ಮಾತನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ.

ನಮ್ಮ ರಾಜ್ಯಕ್ಕೆ ಇದರಲ್ಲಿ ನೇರ ನಂಟಿದೆ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲದಲ್ಲಿ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ರಕ್ತ ಬರುವುದಿಲ್ಲ, ಕಿರುಚಾಟವಿಲ್ಲ, ವೈದ್ಯರು ಇರುತ್ತಾರೆ. ಇದರಲ್ಲಿ ತಪ್ಪೇನು ಎಂದು ಓದಿದವರೂ ಕೇಳುತ್ತಿದ್ದರು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ನಕ್ಷೆ ಪರೀಕ್ಷೆ ಮೂರೂ ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧ ಎಂದಿತು. ಆ ತೀರ್ಪನ್ನು ನಾನು ಓದಿಕೊಳ್ಳುವುದು ಹೀಗೆ: ಔಷಧಿ ಚುಚ್ಚಿ ಮಾತಾಡಿಸುವಾಗ ಎದುರಿಗಿರುವವನಿಗೆ ನೀವು ಏನನ್ನೂ ಹೇಳುತ್ತಿಲ್ಲ, ಅವನನ್ನು ಏನನ್ನೂ ಕೇಳುತ್ತಲೂ ಇಲ್ಲ. ಹೌದು ಅಲ್ಲ ಎನ್ನುವ ಅವನನ್ನು ಪಕ್ಕಕ್ಕೆ ಸರಿಸಿ, ಅವನ ಬಾಯಿಯನ್ನಷ್ಟೇ ಬಳಸಿಕೊಳ್ಳುತ್ತಿದ್ದೀರಿ. ಉತ್ತರ ಕೊಡಬೇಕಾದವನನ್ನೇ ಇಲ್ಲವಾಗಿಸುವುದು ಚಿತ್ರಹಿಂಸೆಯ ಒಳಗಿನ ಕೆಲಸ. ನೋವು ಅದಕ್ಕೆ ಒಂದು ಉಪಕರಣ, ಔಷಧಿ ಇನ್ನೊಂದು.

ಕೊನೆಯದಾಗಿ ಇನ್ನೊಂದು ಬಗೆಯ ಕೃತ್ಯ. ಇಲ್ಲಿ ಡಡ್ಲಿಯಂತೆ ಎದ್ದು ನಿಂತು ‘ನಾನು ಮಾಡಿದೆ’ ಎನ್ನುವವರು ಯಾರೂ ಇಲ್ಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿ ಸಂಸತ್ತು ಕಾನೂನು ಮಾಡಿತು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಒಳಚರಂಡಿಯ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಇಷ್ಟಾದರೂ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದು ನಿಂತಿಲ್ಲ. ಇದನ್ನು ಸಮರ್ಥಿಸುವ ಒಬ್ಬನನ್ನು ತೋರಿಸಿ ಎಂದರೆ ಯಾರೂ ಸಿಗುವುದಿಲ್ಲ. ಎಂಜಿನಿಯರು ಗುತ್ತಿಗೆದಾರನನ್ನು ತೋರಿಸುತ್ತಾನೆ, ಗುತ್ತಿಗೆದಾರ ಮೇಸ್ತ್ರಿಯನ್ನು, ಮೇಸ್ತ್ರಿ ‘ಅವನೇ ಇಳಿದ’ ಎನ್ನುತ್ತಾನೆ. ಶೌಚಾಲಯದ ನೀರು ಬಿಟ್ಟ ನಾವು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ. ಸಮರ್ಥಿಸಲಾಗದು ಎಂದು ಎಲ್ಲರೂ ಒಪ್ಪಿದ ಕೃತ್ಯ ದಿನವೂ ನಡೆಯಲು ಸಾಧ್ಯವಾಗುವುದು, ಉತ್ತರ ಕೊಡಬೇಕಾದವನ ಜಾಗ ಖಾಲಿ ಇರುವುದರಿಂದ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಕಕ್ಕಸು ಬಳಿದ ಭಂಗಿ ಸಮುದಾಯದವರು, ತಾವು ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವ ಪ್ರಯತ್ನವನ್ನು ವಿರೋಧಿಸಿ ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ರಾಜ್ಯ ಬೆಚ್ಚಿತು. ಎಂಥ ಅಸಹ್ಯ ಎಂದವರೂ ಇದ್ದರು. ಅರ್ಜಿಗಳಿಗೆ ಬಾರದ ಅಧಿಕಾರಿಗಳು, ಸಚಿವರು, ಪತ್ರಕರ್ತರು ಆಮೇಲೆ ಬಂದರು. ಆ ಜನ ಅವತ್ತು ಮಾಡಿದ್ದು, ವಾಲಿಗೆ ಕವಿ ಕೊಟ್ಟ ಅವಕಾಶವನ್ನು ತಾವೇ ಕಿತ್ತುಕೊಂಡ ಕೆಲಸ ಎಂದು ನಾನು ತಿಳಿದಿದ್ದೇನೆ: ನಮ್ಮ ಮುಂದೆ ಬಂದು ನಿಲ್ಲಿ, ನಮ್ಮ ಮುಖ ನೋಡಿ, ಯಾವ ಕಾರಣಕ್ಕೆ ಎಂದು ನಮಗೆ ಹೇಳಿ.

ಹಾಗಾಗಿ ನನ್ನದೊಂದು ನಿರ್ದಿಷ್ಟ ಬೇಡಿಕೆ ಇದೆ. ಮುಂದಿನ ಸಲ ನಮ್ಮ ಯಾವುದೇ ನಗರದಲ್ಲಿ ಒಬ್ಬ ಮನುಷ್ಯ ಗುಂಡಿಯಲ್ಲಿ ಸತ್ತರೆ, ಆ ಕೆಲಸದ ಹೊಣೆ ಹೊತ್ತ ಸಂಸ್ಥೆಯ ಅತ್ಯುನ್ನತ ಅಧಿಕಾರಿ, ಪರಿಹಾರದ ಚೆಕ್ಕು ಹೊರಡುವ ಮೊದಲೇ, ಸತ್ತವನ ಮನೆಗೆ ಹೋಗಬೇಕು. ಅವನ ಹೆಂಡತಿಯ ಎದುರು, ಮಾತು ಬಲ್ಲ ವಯಸ್ಸಿನ ಮಕ್ಕಳಿದ್ದರೆ ಅವರ ಎದುರು ಕೂತು, ಅವನನ್ನು ಏಕೆ ಇಳಿಸಲಾಯಿತು ಎಂದು ಹೇಳಬೇಕು. ಹೇಳಿದ್ದನ್ನು ಅವರ ಸಮ್ಮುಖದಲ್ಲೇ ಬರೆದುಕೊಂಡು, ತನಿಖೆಯ ಕಡತಕ್ಕೆ ಮೊದಲ ಪುಟವಾಗಿ ಸೇರಿಸಬೇಕು.